ನಂಬರ್ ಬಿದ್ದ ಮರ, ಬಾರದ ಲಾರಿ

ನಮಸ್ಕಾರ. ನಮ್ಮ ಮೂಡಿಗೆರೆ ಕಡೆ ತೋಟದಲ್ಲಿ ಸಿಲ್ವರ್ ಓಕ್ ಕಡಿಸೋಕೆ ಮುಂಚೆ ಏನ್ಮಾಡ್ತೀವಿ, ತೊಗಟೆ ಒಂಚೂರು ಕೆತ್ತಿ ಪೇಂಟಲ್ಲಿ ನಂಬರ್ ಹಾಕ್ತೀವಿ, ಆಳುಗಳು ನಂಬರ್ ಇರೋ ಮರಾನೇ ಕಡೀತಾರೆ, ಮಿಕ್ಕಿದ್ದನ್ನ ಮುಟ್ಟಲ್ಲ. ನಮ್ಮ ಜೀವಕೋಶದೊಳಗೂ ಹೆಚ್ಚುಕಮ್ಮಿ ಇದೇ ವ್ಯವಹಾರ. ಕೆಟ್ಟುಹೋದ ಪ್ರೋಟೀನ್ ಮೈಗೆ ಯುಬಿಕ್ವಿಟಿನ್ ಅನ್ನೋ ಪುಟ್ಟ ಪ್ರೋಟೀನ್ ಅಂಟಿಸೋದು, ಒಂದಲ್ಲ, ಸರಪಳಿ ಥರ ನಾಲ್ಕೈದು. ಆಮೇಲೆ ಪ್ರೋಟಿಯಸೋಮ್ ಅನ್ನೋ ಪೀಪಾಯಿಯಂಥ ಯಂತ್ರ ಅದನ್ನ ದಾರದ ಹಾಗೆ ಬಿಚ್ಚಿ ಒಳಗೆಳ್ಕೊಂಡು ತುಂಡರಿಸುತ್ತೆ. ಯುಬಿಕ್ವಿಟಿನ್ ಮಾತ್ರ ವಾಪಸ್ ಬರುತ್ತೆ, ಇನ್ನೊಂದು ಕೆಲಸಕ್ಕೆ! ಇದನ್ನ ಬಿಡಿಸಿ ಹೇಳಿದ ಚೆಖನೋವರ್, ಹರ್ಷ್ಕೊ, ರೋಸ್ ಮೂವರಿಗೂ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ನಾನು ಇದನ್ನೆಲ್ಲ ಓದೋಕೆ ಹೋಗಿದ್ದು ನಮ್ಮ ದೊಡ್ಡಪ್ಪನಿಂದ. ಕೂಲಿ ಲೆಕ್ಕದ ಪುಸ್ತಕದಲ್ಲಿ ಅವರ ಅಕ್ಷರ ಸಣ್ಣಗಾಗ್ತಾ ಆಗ್ತಾ ಇರುವೆ ಸಾಲಿನ ಹಾಗಾಯ್ತು, ಕನ್ನಡಕ ಬದಲಾಯಿಸ್ಬೇಕು ಅಂದ್ಕೊಂಡ್ವಿ, ಕಾಫಿ ಲೋಟ ಬಟ್ಟಲಿಗೆ ಟಕಟಕ ಹೊಡೆಯೋಕೆ ಶುರುವಾದ ಮೇಲೇ ಡಾಕ್ಟ್ರ ಹತ್ರ ಹೋಗಿದ್ದು. ಪಾರ್ಕಿನ್ಸನ್.

ಈ ಕಾಯಿಲೇಲಿ ಆಲ್ಫಾ ಸಿನ್ಯೂಕ್ಲಿನ್ ಅನ್ನೋ ಪ್ರೋಟೀನ್ ನರಕೋಶದೊಳಗೆ ಗಂಟುಕಟ್ಟುತ್ತೆ. ಲೂಯಿ ಅನ್ನೋ ಡಾಕ್ಟ್ರು 1912ರಲ್ಲೇ ಆ ಗಂಟುಗಳನ್ನ ನೋಡಿದ್ರು. ನನ್ನ ನಿದ್ದೆ ಕೆಡಿಸಿದ್ದು ಏನಂದ್ರೆ, ಆ ಗಂಟಿನ ತುಂಬಾ ಯುಬಿಕ್ವಿಟಿನ್ ಇರುತ್ತೆ. ಅಂದ್ರೆ ನಂಬರ್ ಬಿದ್ದಿದೆ, ಸಾಗಿಸಿಲ್ಲ! ಪ್ರೋಟಿಯಸೋಮ್ ಬಾಯಿ ಕಿರಿದು, ಬಿಚ್ಚಿದ ದಾರ ಹೋಗುತ್ತೆ, ಗಂಟು ಹೋಗಲ್ಲ. ಅಂಥ ದಪ್ಪ ಕಸಕ್ಕೆ ಆಟೋಫೇಜಿ ಅಂತ ಬೇರೆ ದಾರಿ ಇದೆ, ಪೊರೆಯಲ್ಲಿ ಸುತ್ತಿ ಲೈಸೋಸೋಮ್ ಅನ್ನೋ ಗೊಬ್ಬರದ ಗುಂಡಿಗೆ ಹಾಕಿ ಕೊಳೆಸೋದು, ಜಪಾನಿನ ಓಸುಮಿ ಯೀಸ್ಟಲ್ಲಿ ಇದರ ಗುಟ್ಟು ಹಿಡಿದು 2016ರಲ್ಲಿ ನೊಬೆಲ್ ತಗೊಂಡ್ರು. ವಯಸ್ಸಾದಂಗೆ ಆ ಗುಂಡಿ ಕೆಲಸಾನೂ ನಿಧಾನ. ಇನ್ನು ನಂಬರ್ ಬರೆಯೋರಲ್ಲೇ, ಅಂದ್ರೆ ಯುಬಿಕ್ವಿಟಿನ್ ಅಂಟಿಸೋ ಪ್ರೋಟೀನ್‌ಗಳಲ್ಲೇ, ಪಾರ್ಕಿನ್ ಅಂತ ಒಬ್ಬ ಇದಾನೆ, ಅವನ ಜೀನ್ ಕೆಟ್ರೆ ಚಿಕ್ಕ ವಯಸ್ಸಿಗೇ ಈ ಕಾಯಿಲೆ ಬರುತ್ತೆ ಅಂತ 1998ರಲ್ಲಿ ಗೊತ್ತಾಯ್ತು.

ಚರ್ಮದ ಕೋಶ ಆದ್ರೆ ಒಡೆದು ಎರಡಾಗಿ ಕಸ ಹಂಚ್ಕೊಳ್ಳುತ್ತೆ, ನರಕೋಶ ಒಡೆಯಲ್ಲ, ಎಪ್ಪತ್ತು ವರ್ಷದ ಕಸ ಅದೇ ಮನೇಲಿ. ಗಂಟೇ ಕೋಶಾನ ಕೊಲ್ಲುತ್ತಾ, ಗಂಟಾಗೋಕೆ ಮುಂಚಿನ ಸಣ್ಣ ತುಣುಕುಗಳು ಕೊಲ್ಲುತ್ತಾ ಅಂತ ವಿಜ್ಞಾನಿಗಳಲ್ಲೇ ವಾದ ಮುಗಿದಿಲ್ಲ. ಕೈಕಾಲು ಹಿಡಿತದಲ್ಲಿರೋಕೆ ಮಿದುಳಿಗೆ ಡೋಪಮಿನ್ ಅನ್ನೋ ರಾಸಾಯನಿಕ ಬೇಕು, ಈ ನರಕೋಶಗಳು ಸತ್ತಂಗೆ ಅದು ಕಡಿಮೆಯಾಗುತ್ತೆ; ಲೆವೊಡೋಪಾ ಮಾತ್ರೆ ಅದನ್ನ ತುಂಬಿಸಿಕೊಡುತ್ತೆ, ಕೈ ಹಿಡಿತಕ್ಕೆ ಬರುತ್ತೆ, ಕಸ ತೆಗೆಯಲ್ಲ.

ಇಷ್ಟನ್ನೂ ದೊಡ್ಡಪ್ಪನಿಗೆ ಹೇಳಿದೆ. ಲೋಟಾನ ಎರಡೂ ಕೈಯಲ್ಲಿ ಹಿಡ್ಕೊಂಡು ಕೇಳಿಸ್ಕೊಂಡ್ರು. "ಹಂಗಾದ್ರೆ ನಂಬರ್ ಬರೆದೋನು ನೆಟ್ಟಗೇ ಬರೆದವ್ನೆ, ಲಾರಿ ಬಂದಿಲ್ಲ ಅನ್ನು" ಅಂದ್ರು.