ಮುಖ ಬಿಗಿಸಿಕೊಳ್ಳುವ ಮುನ್ನ

ಕೇಳುಗರಿಗೆ ನಮಸ್ಕಾರ.

ಜೋತುಬಿದ್ದ ಕೆನ್ನೆ, ಕತ್ತುಗಳನ್ನು ಬಿಗಿಗೊಳಿಸುವ ಫೇಸ್‌ಲಿಫ್ಟ್ ಶಸ್ತ್ರಚಿಕಿತ್ಸೆಯ ಬಗ್ಗೆ ಇಂದು ಮಾತನಾಡುತ್ತೇನೆ. ಹಿಂದೆ ಇದನ್ನು ಕೇಳಿಕೊಂಡು ಬರುತ್ತಿದ್ದವರು ಹೆಚ್ಚಾಗಿ ಬಣ್ಣದ ಲೋಕದವರು. ಈಗ ನಿವೃತ್ತ ಶಿಕ್ಷಕಿಯರು ಬರುತ್ತಾರೆ, ಬ್ಯಾಂಕಿನ ಅಧಿಕಾರಿಗಳು ಬರುತ್ತಾರೆ, ಮಗಳ ಮದುವೆ ನಿಶ್ಚಯವಾದ ತಾಯಂದಿರು ಬರುತ್ತಾರೆ. ಪ್ಲಾಸ್ಟಿಕ್ ಸರ್ಜನ್ ಆಗಿ ನನ್ನ ಹೆಚ್ಚಿನ ಕಾಲ ಕಳೆದದ್ದು ಸುಟ್ಟ ಗಾಯ ಮತ್ತು ಅಪಘಾತದ ರೋಗಿಗಳ ನಡುವೆ. ಆದರೂ ಅಂದಕ್ಕಾಗಿ ಬಂದವರನ್ನು ಹಗುರವಾಗಿ ಕಂಡವನಲ್ಲ ನಾನು. ನನ್ನ ತಕರಾರು ಇಷ್ಟೇ: ಅವರು ಕೇಳುವ ಮೊದಲ ಪ್ರಶ್ನೆ, "ಡಾಕ್ಟರೇ, ಎಷ್ಟು ವರ್ಷ ಚಿಕ್ಕವಳಾಗಿ ಕಾಣುತ್ತೇನೆ?" ಎಂಬುದು. ಗಾಯ ಎಲ್ಲಿ ಉಳಿಯುತ್ತದೆ, ಶಸ್ತ್ರಚಿಕಿತ್ಸೆಯಾದ ಮೊದಲ ರಾತ್ರಿ ನನ್ನನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳುವವರು ಅಪರೂಪ. ಮಿಕ್ಕ ಪ್ರಶ್ನೆಗಳಿಗಿಂತ ಇವೆರಡೇ ಮುಖ್ಯ.

ಎಲ್ಲರೂ ಮನೆಯಲ್ಲಿ ಒಂದು ಪ್ರಯೋಗ ಮಾಡಿಕೊಂಡೇ ಬಂದಿರುತ್ತಾರೆ. ಕನ್ನಡಿಯ ಮುಂದೆ ನಿಂತು, ಕಿವಿಯ ಮುಂದೆ ಎರಡು ಬೆರಳಿಟ್ಟು, ಚರ್ಮವನ್ನು ಹಿಂದಕ್ಕೆ ಎಳೆದು, "ಇಷ್ಟಾದರೆ ಸಾಕು" ಎನ್ನುತ್ತಾರೆ. ಬೆರಳು ಎಳೆಯುವುದು ಬರಿಯ ಚರ್ಮವನ್ನು. ಚರ್ಮವನ್ನು ಮಾತ್ರ ಎಳೆದು ಹೊಲಿದರೆ ಅದು ಕೆಲವೇ ಕಾಲದಲ್ಲಿ ಮತ್ತೆ ಸಡಿಲವಾಗುತ್ತದೆ, ಗಾಯದ ಗೆರೆ ಅಗಲವಾಗುತ್ತದೆ, ಕಿವಿಯ ಹಾಲೆ ಕೆಳಕ್ಕೆ ಜಗ್ಗಿ ಕೆನ್ನೆಗೆ ಅಂಟಿದಂತಾಗುತ್ತದೆ. ಎದುರುಗಾಳಿಗೆ ಮುಖ ಒಡ್ಡಿ ನಿಂತವರಂತೆ ಕಾಣುವ ಮುಖಗಳನ್ನು ನೀವು ತೆರೆಯ ಮೇಲೆ ಕಂಡಿರಬಹುದು. ಅದು ಹೀಗೆ ಆದದ್ದು. ಚರ್ಮದ ಅಡಿಯಲ್ಲಿ, ರವಿಕೆಯ ಒಳಗಿನ ಲೈನಿಂಗ್ ಬಟ್ಟೆಯಂತೆ, ಸ್ನಾಯುಗಳಿಗೆ ಹೊಂದಿಕೊಂಡ ಗಟ್ಟಿ ಪದರವೊಂದಿದೆ. 1976ರಲ್ಲಿ ಮಿಟ್ಜ್ ಮತ್ತು ಪೆರೋನಿ ಎಂಬ ಫ್ರೆಂಚ್ ವೈದ್ಯರು ಇದನ್ನು ವಿವರವಾಗಿ ಬರೆದರು. ಈಗಿನ ಒಳ್ಳೆಯ ಶಸ್ತ್ರಚಿಕಿತ್ಸೆಯಲ್ಲಿ ಎಳೆತವೆಲ್ಲ ಬೀಳುವುದು ಆ ಪದರದ ಮೇಲೆ. ಚರ್ಮವನ್ನು ಅದರ ಮೇಲೆ ಹಗುರವಾಗಿ ಹೊದಿಸಿ, ಹೆಚ್ಚಾದುದನ್ನು ಕತ್ತರಿಸಿ ಹೊಲಿಯುತ್ತಾರೆ. ಆದ್ದರಿಂದ ನಿಮ್ಮ ಸರ್ಜನ್ ಯಾವ ಪದರವನ್ನು ಎತ್ತಿ ಕಟ್ಟುತ್ತಾರೆ ಎಂದು ಕೇಳಿ. ಮೂರರಿಂದ ಐದು ಗಂಟೆ ಹಿಡಿಯುವ ಕೆಲಸ ಇದು. ಊಟದ ಬಿಡುವಿನಲ್ಲಿ ಮುಗಿಸಿ ಕಳಿಸುತ್ತೇವೆ ಎಂಬ ಜಾಹೀರಾತು ನೋಡಿದರೆ, ಅದು ಬಹುಶಃ ದಾರ ಹಾಕಿ ಎಳೆಯುವ ವಿಧಾನ. ಅದರ ಫಲ ಹೆಚ್ಚುಕಡಿಮೆ ಒಂದು ವರ್ಷ.

ಇದರಿಂದ ಸರಿಯಾಗುವುದು ಮುಖದ ಕೆಳಭಾಗ: ದವಡೆಯ ಅಂಚಿನಲ್ಲಿ ಇಳಿಬಿದ್ದ ಮಾಂಸ ಮತ್ತು ಕತ್ತು. ಹಣೆಯ ಗೆರೆ, ಇಳಿದ ಕಣ್ಣಿನ ರೆಪ್ಪೆ, ತುಟಿಯ ಸುತ್ತಲಿನ ಸಣ್ಣ ಸುಕ್ಕು ಇದರಿಂದ ಹೋಗುವುದಿಲ್ಲ. ನಮ್ಮವರ ಚರ್ಮದಲ್ಲಿ ಸುಕ್ಕು ತಡವಾಗಿ ಬರುತ್ತದೆ. ವಯಸ್ಸನ್ನು ಮೊದಲು ತೋರಿಸುವುದು ಹೆಚ್ಚಾಗಿ ಬಂಗು ಮತ್ತು ಕಣ್ಣಿನ ಕೆಳಗಿನ ಕಪ್ಪು. ಅವಕ್ಕೆ ಚರ್ಮರೋಗ ತಜ್ಞರ ಬಳಿಯೇ ಹೋಗಬೇಕು. ಬಂಗಿನ ಮುಖವನ್ನು ಬಿಗಿ ಮಾಡಿದರೆ ಬಿಗಿಯಾದ ಬಂಗಿನ ಮುಖ ಸಿಗುತ್ತದೆ, ಅಷ್ಟೇ. ಸರಿಯಾಗಿ ಆದ ಫೇಸ್‌ಲಿಫ್ಟ್ ಏಳರಿಂದ ಹತ್ತು ವರ್ಷ ಉಳಿಯುತ್ತದೆ ಎಂಬುದು ಸಾಮಾನ್ಯ ಲೆಕ್ಕ.

ಈಗ ಗಾಯದ ವಿಷಯ. ಗೆರೆ ಕಣತಲೆಯ ಕೂದಲಿನ ಅಂಚಿನಿಂದ ಹೊರಟು, ಕಿವಿಯ ಮುಂದೆ ಇಳಿದು, ಹಾಲೆಯನ್ನು ಸುತ್ತಿ, ಹಿಂಭಾಗದ ಮಡಿಕೆಯಲ್ಲಿ ಏರಿ, ಹಿಂದಲೆಯ ಕೂದಲಿನೊಳಗೆ ಮುಗಿಯುತ್ತದೆ. ಕೂದಲು ಇಳಿಬಿಟ್ಟವರಲ್ಲಿ ಇದು ಕಾಣುವುದಿಲ್ಲ. ಎಣ್ಣೆ ಹಚ್ಚಿ, ಬಿಗಿಯಾಗಿ ಹಿಂದಕ್ಕೆ ಬಾಚಿ, ತುರುಬು ಕಟ್ಟಿ ಮಲ್ಲಿಗೆ ಮುಡಿಯುವವರಲ್ಲಿ ಕಿವಿಯ ಹಿಂದಿನ ಭಾಗವೆಲ್ಲ ಬಯಲು. ನೀವು ದಿನವೂ ಬಾಚಿಕೊಳ್ಳುವ ರೀತಿಯಲ್ಲೇ ಬಾಚಿಕೊಂಡು ವೈದ್ಯರ ಬಳಿ ಹೋಗಿ. ಗೆರೆಯನ್ನು ಎಲ್ಲಿ ಎಳೆಯಬೇಕೆಂದು ಅವರು ಅದನ್ನು ನೋಡಿಯೇ ತೀರ್ಮಾನಿಸಬೇಕು. ಗಂಡಸರಿಗೆ ಬೇರೊಂದು ತೊಡಕು ಇದೆ. ಗಡ್ಡ ಬೆಳೆಯುವ ಚರ್ಮ ಕಿವಿಯ ಬುಡಕ್ಕೆ ಸರಿಯುವುದರಿಂದ, ಮುಂದೆ ಅಲ್ಲಿಯೂ ಕ್ಷೌರ ಮಾಡಿಕೊಳ್ಳಬೇಕಾಗಬಹುದು.

ಕಿವಿ ಚುಚ್ಚಿಸಿದ ಜಾಗದಲ್ಲಿ ಗಂಟು ಬೆಳೆದಿತ್ತೇ? ತೋಳಿನ ಮೇಲಿನ ಬಿಸಿಜಿ ಲಸಿಕೆಯ ಕಲೆ ಉಬ್ಬಿ, ತುರಿಸುತ್ತಾ ದೊಡ್ಡದಾಯಿತೇ? ಇದಕ್ಕೆ ಕೆಲಾಯ್ಡ್ ಎನ್ನುತ್ತಾರೆ. ಬಿಳಿಯರಿಗಿಂತ ನಮ್ಮ ಚರ್ಮದಲ್ಲಿ ಇದು ಹೆಚ್ಚು. ಈ ಪ್ರವೃತ್ತಿ ಇರುವವರು ಅದನ್ನು ತಾವಾಗಿಯೇ ಹೇಳಬೇಕು. ಅಂಥವರಿಗೆ ಬೇಡ ಎನ್ನುವ ಸರ್ಜನ್ ಸಿಕ್ಕರೆ ನಿಮ್ಮ ಅದೃಷ್ಟ.

ಬೀಡಿ, ಸಿಗರೇಟು, ತಂಬಾಕು ಸೇವಿಸುವವರು ಶಸ್ತ್ರಚಿಕಿತ್ಸೆಗೆ ಕನಿಷ್ಠ ನಾಲ್ಕು ವಾರ ಮೊದಲೇ ಪೂರ್ತಿ ನಿಲ್ಲಿಸಬೇಕು, ನಂತರವೂ ಹಲವು ವಾರ ಮುಟ್ಟಬಾರದು. ಇದು ನೀತಿಪಾಠವಲ್ಲ, ರಕ್ತದ ಲೆಕ್ಕ. ಹಳೆಯ ಘಟನೆಯೊಂದರಿಂದ ಇದನ್ನು ತಿಳಿಯಬಹುದು. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದ ಕವಾಸ್ಜಿ ಎಂಬಾತ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡ. ಆಮೇಲೆ ಪುಣೆಯ ಬಳಿ ದೇಶೀ ವೈದ್ಯನೊಬ್ಬ ಹಣೆಯ ಚರ್ಮವನ್ನು ಕೆಳಕ್ಕೆ ತಿರುಗಿಸಿ ಅವನಿಗೆ ಹೊಸ ಮೂಗು ಕಟ್ಟಿದ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್ ಅದರ ಚಿತ್ರ ಅಚ್ಚು ಹಾಕಿತು. ಆ ವೈದ್ಯ ಹಣೆಯ ಚರ್ಮವನ್ನು ಪೂರ್ತಿ ಕತ್ತರಿಸದೆ, ರಕ್ತ ಹರಿಯಲೆಂದು ಒಂದು ತುದಿಯನ್ನು ಹಾಗೆಯೇ ಬಿಟ್ಟಿದ್ದ. ಫೇಸ್‌ಲಿಫ್ಟಿನಲ್ಲಿ ಬಿಡಿಸಿ ಎತ್ತಿದ ಕೆನ್ನೆಯ ಚರ್ಮ ಬದುಕುವುದೂ ಹೀಗೆಯೇ, ಒಂದು ಕಡೆಯಿಂದ ಬರುವ ರಕ್ತದಿಂದ. ನಿಕೋಟಿನ್ ಆ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಆಗ ಕಿವಿಯ ಹಿಂದಿನ ಚರ್ಮ ಕಪ್ಪಾಗಿ ಸಾಯಬಹುದು.

ಇನ್ನು ಮೊದಲ ರಾತ್ರಿ. ಈ ಶಸ್ತ್ರಚಿಕಿತ್ಸೆಯಲ್ಲಿ ಅತಿ ಸಾಮಾನ್ಯವಾದ ತೊಂದರೆ ಎಂದರೆ ಚರ್ಮದ ಕೆಳಗೆ ರಕ್ತ ಸೇರಿಕೊಳ್ಳುವುದು. ಹೆಚ್ಚಿನವು ಮೊದಲ 24 ಗಂಟೆಯೊಳಗೇ ಆಗುತ್ತವೆ. ರಕ್ತದೊತ್ತಡ ಇರುವವರಲ್ಲಿ ಇದು ಹೆಚ್ಚು. ಗಡ್ಡದ ಬುಡಕ್ಕೆ ರಕ್ತದ ಹರಿವು ಜಾಸ್ತಿ ಇರುವ ಕಾರಣ ಗಂಡಸರಲ್ಲಿಯೂ ಹೆಚ್ಚು. ವಾಂತಿ, ಜೋರು ಕೆಮ್ಮು, ತಿಣುಕುವುದು ಇವೆಲ್ಲ ಒತ್ತಡವನ್ನು ಏರಿಸುತ್ತವೆ. ಎರಡೂ ಕಡೆ ಸಮನಾಗಿ ಊದಿದರೆ ಅದು ಸಹಜ. ಒಂದೇ ಕಡೆ ಬೇಗಬೇಗ ಊದಿ, ಬಿಗಿದು, ನೋವು ಏರುತ್ತಾ ಹೋದರೆ ಕೂಡಲೇ ಹೊಲಿಗೆ ಬಿಚ್ಚಿ ರಕ್ತ ತೆಗೆಯಬೇಕು. ಬೆಳಿಗ್ಗೆ ನೋಡೋಣ ಎಂದರೆ ಮೇಲಿನ ಚರ್ಮ ಉಳಿಯದೇ ಹೋಗಬಹುದು. ಆದ್ದರಿಂದ ಆ ರಾತ್ರಿ ಆಸ್ಪತ್ರೆಯಲ್ಲೇ ಉಳಿಯುವುದು ಕ್ಷೇಮ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ರಾತ್ರಿ ಎರಡು ಗಂಟೆಗೆ ಬಂದು ಹೊಲಿಗೆ ಬಿಚ್ಚುವವರು ಯಾರು ಎಂದು ಹೆಸರು ಹಿಡಿದು ಕೇಳಿ.

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಯ ಬೆನ್ನಿಗೇ ಎಳೆಯ ವಯಸ್ಸಿನ ಕಿರುತೆರೆ ನಟಿಯೊಬ್ಬರು ತೀರಿಕೊಂಡರು. ಬೇಕಾದ ಸೌಕರ್ಯ ಅಲ್ಲಿತ್ತೇ ಎಂಬುದೇ ಆಗ ಎದ್ದ ದೊಡ್ಡ ಪ್ರಶ್ನೆ. ನಮ್ಮ ರಾಜ್ಯದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ, ಜನ ಕೆಪಿಎಂಇ ಎನ್ನುತ್ತಾರೆ. ಅದರಡಿ ನೋಂದಣಿಯಾದ ಪ್ರಮಾಣಪತ್ರ ಕ್ಲಿನಿಕ್ಕಿನ ಗೋಡೆಯ ಮೇಲೆ ಇರಬೇಕು. ಸರ್ಜನ್ ಹೆಸರಿನ ಮುಂದೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ ಪದವಿ ಇದೆಯೇ ನೋಡಿ. ಕಾಸ್ಮೆಟಾಲಜಿಸ್ಟ್ ಎಂಬ ಫಲಕವನ್ನು ಶಸ್ತ್ರಚಿಕಿತ್ಸೆಯ ಪದವಿ ಎಂದು ತಿಳಿಯಬೇಡಿ. ಪ್ರತ್ಯೇಕ ಅರಿವಳಿಕೆ ತಜ್ಞರು ಇಲ್ಲದ ಜಾಗದಲ್ಲಿ ಮಲಗಲೇಬೇಡಿ.

ನೀವು ನುಂಗುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಆಸ್ಪಿರಿನ್, ಮಂಡಿನೋವಿನ ಮಾತ್ರೆ, ವಿಟಮಿನ್ ಇ, ಮೀನೆಣ್ಣೆ, ಬೆಳ್ಳುಳ್ಳಿಯ ಕ್ಯಾಪ್ಸೂಲ್ ಇವೆಲ್ಲ ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಆದರೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುವಾಗಿಸುವ ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಕೂಡದು. ಹೃದ್ರೋಗ ತಜ್ಞರು ಒಪ್ಪದಿದ್ದರೆ ಫೇಸ್‌ಲಿಫ್ಟ್ ಆಸೆಯನ್ನೇ ಬಿಡಬೇಕು.

ಎರಡನೇ, ಮೂರನೇ ದಿನ ಮುಖ ಅತ್ಯಂತ ಕೆಟ್ಟದಾಗಿ ಕಾಣುತ್ತದೆ. ನೋಡಲು ಬಂದ ನೆಂಟರು ಹಣೆ ಚಚ್ಚಿಕೊಳ್ಳುತ್ತಾರೆ. ನೆಂಟರನ್ನು ಆ ವಾರ ಕರೆಯದಿರುವುದೇ ಮದ್ದು. ಹೊಲಿಗೆಗಳು ಐದರಿಂದ ಹತ್ತು ದಿನದೊಳಗೆ ಹೋಗುತ್ತವೆ, ಎರಡು ಮೂರು ವಾರಕ್ಕೆ ನಾಲ್ಕು ಜನರ ನಡುವೆ ಓಡಾಡಬಹುದು. ಕಿವಿಯ ಹಾಲೆ ಮತ್ತು ಕೆನ್ನೆ ತಿಂಗಳುಗಟ್ಟಲೆ ಜೋಮು ಹಿಡಿದಂತಿರುತ್ತವೆ. ಬಿಸಿ ಗಾಳಿಯ ಹೇರ್ ಡ್ರೈಯರ್ ಸುಟ್ಟರೂ ತಿಳಿಯುವುದಿಲ್ಲ, ಜುಮುಕಿಯ ತಿರುಪು ಒತ್ತಿದರೂ ತಿಳಿಯುವುದಿಲ್ಲ. ಹೆಲ್ಮೆಟ್ಟಿನ ಪಟ್ಟಿ ಗಾಯದ ಮೇಲೇ ಕೂರುವುದರಿಂದ ಕೆಲವು ವಾರ ಸ್ಕೂಟರ್ ಬೇಡ. ಗಾಯಕ್ಕೆ ಅರಿಶಿನ ಮೆತ್ತುವುದೂ ಬೇಡ. ತಲೆಗೂದಲಿಗೆ ಬಣ್ಣ ಹಚ್ಚುವವರು ಶಸ್ತ್ರಚಿಕಿತ್ಸೆಗೆ ಮೊದಲೇ ಹಚ್ಚಿಕೊಳ್ಳಲಿ. ಮುಖದ ಸ್ನಾಯುಗಳ ನರಕ್ಕೆ ಪೆಟ್ಟಾದರೆ ನಕ್ಕಾಗ ತುಟಿ ಒಂದು ಕಡೆ ವಾಲುತ್ತದೆ. ಹೆಚ್ಚಿನವರಲ್ಲಿ ಅದು ಕೆಲವು ತಿಂಗಳಲ್ಲಿ ಸರಿಹೋಗುತ್ತದೆ, ಅಪರೂಪಕ್ಕೆ ಹಾಗೇ ಉಳಿಯುತ್ತದೆ. ಮಗಳ ಮದುವೆಗೆ ತಿಂಗಳಿದೆ ಎಂದು ಬರುವವರನ್ನು ನಾನು ವಾಪಸು ಕಳಿಸುವುದು ಇದಕ್ಕೇ. ಆರು ತಿಂಗಳಾದರೂ ಕೈಯಲ್ಲಿರಲಿ.

ಹಣದ ಮಾತು. ಅಂದಕ್ಕಾಗಿ ಮಾಡಿಸುವ ಶಸ್ತ್ರಚಿಕಿತ್ಸೆಗೆ ಆರೋಗ್ಯ ವಿಮೆ ಸಿಗುವುದಿಲ್ಲ. ಅಪಘಾತ ಅಥವಾ ಹುಟ್ಟಿನ ದೋಷ ಸರಿಪಡಿಸುವ ಪ್ಲಾಸ್ಟಿಕ್ ಸರ್ಜರಿಗೆ ಜಿಎಸ್‌ಟಿ ವಿನಾಯಿತಿ ಇದೆ, ಫೇಸ್‌ಲಿಫ್ಟಿಗೆ ಇಲ್ಲ, ತೆರಿಗೆ ಕಟ್ಟಬೇಕು. ಹೇಳಿದ ದರದಲ್ಲಿ ಅದು ಸೇರಿದೆಯೇ, ರಕ್ತ ತೆಗೆಯಲು ಮತ್ತೆ ಆಪರೇಷನ್ ಕೋಣೆಗೆ ಹೋಗಬೇಕಾದರೆ ಖರ್ಚು ಯಾರದು ಎಂಬುದನ್ನು ಮುಂಗಡ ಕೊಡುವ ಮೊದಲೇ ಬರೆಸಿಕೊಳ್ಳಿ. ಸಮ್ಮತಿ ಪತ್ರವನ್ನು ಸ್ಟ್ರೆಚರ್ ಮೇಲೆ ಮಲಗಿಸಿ ಮುಂದೆ ಹಿಡಿದರೆ ಸಹಿ ಹಾಕಬೇಡಿ. ಚಿಕಿತ್ಸೆಯ ಸ್ವರೂಪ, ಅಪಾಯ, ಬದಲಿ ದಾರಿ ಇವನ್ನೆಲ್ಲ ರೋಗಿಗೆ ತಿಳಿಸಿಯೇ ಸಮ್ಮತಿ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಪತ್ರವನ್ನು ಮನೆಗೆ ಒಯ್ಯಿರಿ, ಕನ್ನಡದಲ್ಲಿ ಬೇಕಿದ್ದರೆ ಕನ್ನಡದಲ್ಲೇ ಕೊಡಿ ಎಂದು ಕೇಳಿ, ಓದಿ ಎರಡು ದಿನ ಬಿಟ್ಟು ಹೋಗಿ.

ನಮಸ್ಕಾರ.