ಕಪ್ಪಾದ ಬಾಟಲಿ

ಕೇಳುಗರಿಗೆ ನಮಸ್ಕಾರ.

ನಾನು ನೀರು ಪರೀಕ್ಷೆ ಮಾಡುವವಳು. ಕೋಲಾರದವಳು ಸಮುದ್ರದ ನೀರಿನ ಮಾತೆತ್ತುತ್ತಾಳಲ್ಲ ಎಂದು ನಗಬೇಡಿ. ಕಾರವಾರದ ಕೊಲ್ಲಿಯಾಗಲಿ, ನಮ್ಮೂರಿನ ಬಾವಿಯಾಗಲಿ, ನಾನು ಕೇಳುವ ಪ್ರಶ್ನೆ ಒಂದೇ. ಇದರಲ್ಲಿ ಮಲ ಬೆರೆತಿದೆಯೋ, ಇಲ್ಲವೋ? ಊಟದ ಹೊತ್ತಿಗೆ ಇದೇನು ಮಾತು ಅನ್ನಬೇಡಿ. ನಯವಾಗಿ ಹೇಳಿ ಹೇಳಿಯೇ ಯಾರಿಗೂ ತಲುಪಿಲ್ಲ.

ಇದಕ್ಕೆ ಉತ್ತರ ಕಣ್ಣಿಗೆ ಗೊತ್ತಾಗುವುದಿಲ್ಲ. ಬ್ಯಾಕ್ಟೀರಿಯಾಗೆ ಗೊತ್ತು. ಈ. ಕೋಲಿ ಅಂತ ಒಂದಿದೆ. ನಮ್ಮ ಕರುಳು, ದನದ ಕರುಳು ಅದರ ಮನೆ. 1885ರಲ್ಲಿ ಥಿಯೋಡೋರ್ ಎಶೆರಿಕ್ ಎಂಬ ಮಕ್ಕಳ ಡಾಕ್ಟರು ಇದನ್ನು ಕಂಡದ್ದೂ ಮಕ್ಕಳ ಮಲದಲ್ಲೇ. ಅದು ನೀರಲ್ಲಿ ಸಿಕ್ಕಿತೋ, ಮಲ ಸೇರಿದೆ. ಟೈಫಾಯಿಡ್, ಕಾಲರಾ ಬರುವುದೂ ಅದೇ ದಾರಿಯಲ್ಲಿ.

ಮುಳಬಾಗಿಲಿನ ಕಡೆ ನಮ್ಮ ದೊಡ್ಡಮ್ಮನ ಮನೆ. ಒಂದು ವರ್ಷ ಒಳ್ಳೆ ಮಳೆಯಾಗಿ, ಒಣಗಿದ್ದ ಬಾವಿಗೆ ನೀರು ಬಂತು. ದೊಡ್ಡಮ್ಮನಿಗೆ ಹಬ್ಬ! ಹೋದವರಿಗೆಲ್ಲ ಮೊದಲು ಒಂದು ಚೊಂಬು ನೀರು. "ನೋಡಮ್ಮ, ತಳದ ಕಲ್ಲು ಕಾಣತ್ತೆ. ಬೋರ್‌ವೆಲ್ ನೀರಿಗೆ ಈ ರುಚಿ ಎಲ್ಲಿದೆ?" ನಿಜ, ನೀರು ಸಿಹಿಯಾಗಿತ್ತು. ಆದರೆ ಬಾವಿಗೆ ಹತ್ತು ಹೆಜ್ಜೆ ಆಚೆ ಪಾಯಿಖಾನೆ ಗುಂಡಿ. ನಾನು ಚೊಂಬು ಕೆಳಗಿಟ್ಟೆ. ಅವರಿಗೆ ಕೋಪ ಬಂತು. "ಓದಿದವರಿಗೆ ಎಲ್ಲದರಲ್ಲೂ ಹುಳ ಕಾಣತ್ತೆ."

ನನ್ನ ಚೀಲದಲ್ಲಿ ಎರಡು ಪರೀಕ್ಷಾ ಬಾಟಲಿ ಇದ್ದವು. ಒಳಗೆ ಔಷಧಿ ಹಾಕಿದ ಕಾಗದದ ಪಟ್ಟಿ, ಅಷ್ಟೇ. ಒಂದಕ್ಕೆ ಬಾವಿ ನೀರು, ಇನ್ನೊಂದಕ್ಕೆ ಅದೇ ನೀರು ಕುದಿಸಿ ಆರಿಸಿದ್ದು. ಅಡುಗೆಮನೆ ಗೂಡಿನಲ್ಲಿ ಇಟ್ಟೆ. ಮಾರನೇ ದಿನ ಬೆಳಿಗ್ಗೆ ದೊಡ್ಡಮ್ಮನೇ ಕೂಗಿದರು, "ಬಾರೇ ಇಲ್ಲಿ, ಇದಕ್ಕೆ ಶಾಯಿ ಯಾರು ಹಾಕಿದ್ದು?" ಬಾವಿ ನೀರಿನ ಬಾಟಲಿ ಕಪ್ಪಗೆ. ಕುದಿಸಿದ್ದು ಹಾಗೇ ಇತ್ತು. ಮಲದ ಜೊತೆ ಬರುವ ಕೆಲವು ಬ್ಯಾಕ್ಟೀರಿಯಾ ಬಿಡುವ, ಕೊಳೆತ ಮೊಟ್ಟೆ ವಾಸನೆಯ ಗ್ಯಾಸು ಕಾಗದದಲ್ಲಿರುವ ಕಬ್ಬಿಣದ ಜೊತೆ ಸೇರಿ ಆ ಕಪ್ಪು ಬಣ್ಣ ಬರುತ್ತದೆ. ಅವರು ಸುಮ್ನೆ ಒಂದು ಸಲ ಬಾಟಲಿ ನೋಡಿದರು, ಒಂದು ಸಲ ಗುಂಡಿಯ ಕಡೆ ನೋಡಿದರು. ಮಧ್ಯಾಹ್ನ ದೊಡ್ಡ ಪಾತ್ರೆ ಒಲೆಗೇರಿತು.

ತಿಳಿ ನೀರೆಲ್ಲ ಒಳ್ಳೆ ನೀರಲ್ಲ. ಹತ್ತು ವರ್ಷದಿಂದ ಹೇಳುತ್ತಿದ್ದೇನೆ. ಈಗಲೂ ಕೇಳುತ್ತಾರೆ, "ಮೇಡಂ, ನಮ್ಮ ನೀರು ಕನ್ನಡಿ ಥರ ಇದೆ, ಅದಕ್ಕೂ ಟೆಸ್ಟ್ ಬೇಕಾ?" ಬೇಕು!

ಸಮುದ್ರದ ಮಾತಿಗೆ ಹೊತ್ತೇ ಉಳಿದಿಲ್ಲ, ಬೇಗ ಹೇಳಿಬಿಡುತ್ತೇನೆ. ಉಪ್ಪುನೀರು, ಬಿಸಿಲಿಗೆ ಈ. ಕೋಲಿ ಬೇಗ ಸಾಯುತ್ತದೆ. ಎಂಟರೋಕಾಕಸ್ ಎಂಬ ಇನ್ನೊಂದು ಕರುಳಿನ ಬ್ಯಾಕ್ಟೀರಿಯಾ ಜಾಸ್ತಿ ತಾಳುತ್ತದೆ. ಅದಕ್ಕೇ ಕೊಲ್ಲಿಯಲ್ಲಿ, ಬೀಚಿನಲ್ಲಿ ಅದನ್ನು ಎಣಿಸುತ್ತಾರೆ. ಈಜುವ ನೀರಿನಲ್ಲಿ ಸ್ವಲ್ಪ ಇದ್ದರೆ ನಡೆಯುತ್ತದೆ. ಕುಡಿಯುವ ನೀರಿಗೆ ಆ ರಿಯಾಯಿತಿ ಇಲ್ಲ. 100 ಮಿಲಿಲೀಟರಿನಲ್ಲಿ ಒಂದು ಈ. ಕೋಲಿಯೂ ಇರಕೂಡದು.

ನೆಲದ ಕಲ್ಲಿನಿಂದ ನೀರಿಗೆ ಸೇರಿ, ಜಾಸ್ತಿಯಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಬಗ್ಗೆ ನಮ್ಮ ಜಿಲ್ಲೆಯವರು ಕೇಳದೆ ಬಿಡುವುದಿಲ್ಲ, ಅಲ್ವಾ? ಅದಕ್ಕೆ ಬೇರೆ ಪರೀಕ್ಷೆ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಎರಡನ್ನೂ ಪರೀಕ್ಷೆ ಮಾಡಿಸಿ. ಪರೀಕ್ಷೆಗೆ ನೀರು ಕೊಡುವಾಗ ಬಾಟಲಿಯ ಬಾಯಿಗೆ, ಮುಚ್ಚಳದ ಒಳಗೆ ಬೆರಳು ತಾಗಿಸಬೇಡಿ. ಇಲ್ಲದಿದ್ದರೆ ನಾವು ಎಣಿಸುವುದು ನಿಮ್ಮ ಕೈಯಲ್ಲಿರುವ ಬ್ಯಾಕ್ಟೀರಿಯಾವನ್ನು.

ನಮಸ್ಕಾರ.