ಮೊದಲು ಕೆಲಸ, ಆಮೇಲೆ ರೈಫಲ್

ಎಲ್ಲರಿಗೂ ನಮಸ್ಕಾರ.

ಜನ ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಒಂದೇ: "ಒಳ್ಳೆಯ ಸೆಮಿ-ಆಟೊಮ್ಯಾಟಿಕ್ ರೈಫಲ್ ಯಾವುದು?" ನಾನು ತಿರುಗಿಸಿ ಕೇಳುತ್ತೇನೆ. ಯಾವುದಕ್ಕೆ ಹೊಡೆಯುತ್ತೀರಿ? ಎಷ್ಟು ದೂರಕ್ಕೆ? ಹೆಗಲ ಮೇಲೆ ಹೊತ್ತು ಎಷ್ಟು ಹೊತ್ತು ನಡೆಯುತ್ತೀರಿ? ಅಲ್ಲಿಗೆ ಮಾತು ನಿಲ್ಲುತ್ತದೆ. ಪಾಪ, ಒಂದು ಕಂಪನಿಯ ಹೆಸರು ಹೇಳಿ ಕಳಿಸುತ್ತಾನೆ ಅಂತ ಬಂದಿರುತ್ತಾರೆ.

ಸೆಮಿ-ಆಟೊಮ್ಯಾಟಿಕ್‌ನಲ್ಲಿ ಟ್ರಿಗರ್ ಒಂದು ಸಲ ಎಳೆದರೆ ಒಂದೇ ಗುಂಡು. ಆದರೆ ಆ ಗುಂಡು ಹಾರಿದ ಶಕ್ತಿಯಿಂದಲೇ ಬೋಲ್ಟ್, ಅಂದರೆ ತೋಟಾದ ಹಿಂದೆ ಬಾಗಿಲಿನ ಹಾಗೆ ಮುಚ್ಚುವ ಭಾಗ, ಹಿಂದೆ ಸರಿದು, ಖಾಲಿ ಕೇಸ್ ಹೊರಗೆ ಬಿದ್ದು, ಮುಂದಿನ ತೋಟಾ ಒಳಗೆ ಕೂರುತ್ತದೆ. ಎಳೆದು ಹಿಡಿದರೆ ಗುಂಡಿನ ಮಳೆ ಸುರಿಸುವುದು ಫುಲ್ ಆಟೊಮ್ಯಾಟಿಕ್, ಅದರ ಮಾತು ಇವತ್ತು ಬೇಡ. ಇದೇನೂ ಹೊಸದಲ್ಲ. ಜಾನ್ ಗ್ಯಾರಂಡ್ ರೂಪಿಸಿದ ಎಂ1 ರೈಫಲನ್ನು ಅಮೆರಿಕದ ಸೇನೆ 1936ರಲ್ಲೇ ಒಪ್ಪಿಕೊಂಡಿತ್ತು. ಎಂಟು ತೋಟಾ, ನಾಲ್ಕು ಕಿಲೊಗೂ ಜಾಸ್ತಿ ತೂಕ. ಗಟ್ಟಿ ಆಳು. ಆದರೆ ಅದನ್ನು ಹೊತ್ತು ದಿನವಿಡೀ ಬೆಟ್ಟ ಹತ್ತಿ ನೋಡಿ, ಸಂಜೆಗೆ ಭುಜವೇ ತೀರ್ಪು ಕೊಡುತ್ತದೆ.

ಕಲಿಯುವವರಿಗೆ, ಕಾಗದದ ಗುರಿಗೆ, ಮೊಲದಂಥ ಚಿಕ್ಕ ಬೇಟೆಗೆ ನನ್ನ ಉತ್ತರ ಪಾಯಿಂಟ್ 22 ಲಾಂಗ್ ರೈಫಲ್ ಅನ್ನುವ ತೋಟಾ ಹಾಕುವ ಬಂದೂಕು. ಪಾಯಿಂಟ್ 22 ಅಂದರೆ ಗುಂಡಿನ ಅಡ್ಡಳತೆ, ಸುಮಾರಾಗಿ, ಇಂಚಿನಲ್ಲಿ. 1964ರಿಂದ ಬರುತ್ತಿರುವ ರೂಗರ್ 10/22 ಇದಕ್ಕೆ ಒಳ್ಳೆಯ ಉದಾಹರಣೆ. ಗುಂಡಿನ ತೂಕ ಎರಡೂವರೆ ಗ್ರಾಂ ಚಿಲ್ಲರೆ. ಭುಜಕ್ಕೆ ಒದೆತ ಇಲ್ಲವೇ ಇಲ್ಲ ಅನ್ನಬಹುದು. ಒದೆತ ಇಲ್ಲದಿದ್ದರೆ ಕಣ್ಣು ಮಿಟುಕಿಸುವ ಚಟ ಅಂಟುವುದಿಲ್ಲ. ತೋಟಾ ಅಗ್ಗ, ಹಾಗಾಗಿ ಕೈ ಬಿಚ್ಚಿ ಅಭ್ಯಾಸ ಮಾಡಬಹುದು. "ಇದು ಮಕ್ಕಳ ಬಂದೂಕು" ಅಂತ ಮೂಗು ಮುರಿಯುವವರು ನೂರು ಮೀಟರ್ ದೂರಕ್ಕೆ, ಗಾಳಿ ಇರುವ ದಿನ, ಇದರಲ್ಲಿ ಒಂದು ಬಟ್ಟಲಿನಷ್ಟು ಗುರಿಗೆ ಹತ್ತು ಗುಂಡು ಕೂರಿಸಿ ತೋರಿಸಲಿ. ಒಂದೇ ತಕರಾರು: ಬೇಗ ಕೊಳೆಯಾಗುತ್ತದೆ. ಮಸಿ, ಸೀಸ, ಮೇಣ ಎಲ್ಲ ಬೋಲ್ಟಿನ ಮೂತಿಗೆ ಮೆತ್ತಿಕೊಳ್ಳುತ್ತವೆ. ಒರೆಸದಿದ್ದರೆ ಸಿಕ್ಕಿಹಾಕಿಕೊಳ್ಳುತ್ತದೆ.

ಅದಕ್ಕಿಂತ ಮೇಲಿನದು ಪಾಯಿಂಟ್ 223 ತೋಟಾ. ಗುಂಡು ಇದರದ್ದೂ ಹಗುರವೇ, ವೇಗ ಮಾತ್ರ ಭಾರಿ. ಮೂರೂವರೆ ಗ್ರಾಂ ಗುಂಡು ಸೆಕೆಂಡಿಗೆ ಹತ್ತಿರ ಹತ್ತಿರ ಒಂದು ಕಿಲೊಮೀಟರ್ ವೇಗದಲ್ಲಿ ಹೊರಡುತ್ತದೆ. ದೂರದ ಗುರಿ, ನರಿಯ ಗಾತ್ರದ ಪ್ರಾಣಿ, ಸ್ಪರ್ಧೆ, ಇವಕ್ಕೆ ಚೆನ್ನ. ಜಿಂಕೆಗೆ ಮಾತ್ರ ಯೋಚಿಸಿ. ಕೆಲವು ಕಡೆ ಕಾನೂನೇ ಬೇಡ ಅನ್ನುತ್ತದೆ. ನನಗೂ ಅದು ಸರಿ ಅನ್ನಿಸುತ್ತದೆ, ಗಾಯಗೊಂಡು ಓಡಿಹೋದ ಪ್ರಾಣಿಗಿಂತ ಕೆಟ್ಟ ಬೇಟೆ ಇಲ್ಲ. ದೊಡ್ಡ ಪ್ರಾಣಿಗೆ 1952ರಲ್ಲಿ ಬಂದ ಪಾಯಿಂಟ್ 308ನಂಥ ತೋಟಾ ಬೇಕು. ಅದರ ಗುಂಡು ಒಂಬತ್ತು ಹತ್ತು ಗ್ರಾಂ ತೂಗುತ್ತದೆ, ಒದೆತವೂ ಅದಕ್ಕೆ ತಕ್ಕ ಹಾಗೆ.

ಇನ್ನೊಂದು ಮಾತು, ಇದು ಸ್ವಲ್ಪ ಕಹಿ. ಬೇಟೆಗೆ ಬಹಳ ಸಲ ಒಂದೇ ಗುಂಡು ಸಾಕು. ಹಾಗಿದ್ದಾಗ ಕೈಯಿಂದ ಎಳೆಯುವ ಬೋಲ್ಟ್ ಆಕ್ಷನ್ ರೈಫಲ್ ಹಗುರ, ಸರಳ, ಸಾಮಾನ್ಯವಾಗಿ ಅದೇ ದುಡ್ಡಿಗೆ ಜಾಸ್ತಿ ನಿಖರ. ಸೆಮಿ-ಆಟೊಮ್ಯಾಟಿಕ್ ಬೇಕೇ ಬೇಕು ಅನ್ನುವ ಮೊದಲು ಎರಡನೇ ಗುಂಡು ನಿಜಕ್ಕೂ ಬೇಕಾ ಅಂತ ಕೇಳಿಕೊಳ್ಳಿ. ನಿಮ್ಮಲ್ಲಿನ ಕಾನೂನನ್ನೂ ಕೇಳಿ. ಆಸ್ಟ್ರೇಲಿಯಾ 1996ರಲ್ಲಿ, ನ್ಯೂಜಿಲೆಂಡ್ 2019ರಲ್ಲಿ ಇಂಥ ಬಂದೂಕುಗಳಿಗೆ ದೊಡ್ಡ ಕಡಿವಾಣ ಹಾಕಿದವು. ತಗೊಂಡ ಮೇಲೆ ಕೇಳಿದರೆ ತಡವಾಯಿತು, ಅಲ್ವಾ?

ನಾನು ಕಲಿಯುವಾಗ ಮಾಡಿದ ಒಂದು ತಪ್ಪು ಹೇಳುತ್ತೇನೆ. ತೋಟಾ ತುಂಬುವ ಡಬ್ಬಿ, ಅಂದರೆ ಮ್ಯಾಗಜಿನ್ ಕಳಚಿ, "ಖಾಲಿ ಸಾರ್" ಅಂತ ರೈಫಲನ್ನು ಮೇಜಿನ ಮೇಲೆ ಇಟ್ಟೆ. ಕಲಿಸುವವರು ಮಾತಾಡಲಿಲ್ಲ. ಬೋಲ್ಟ್ ಹಿಂದಕ್ಕೆ ಎಳೆದರು. ಟಣ್ ಅಂತ ಒಂದು ತೋಟಾ ಮೇಜಿನ ಮೇಲೆ ಬಿದ್ದು ಉರುಳಿತು. ಗುಂಡು ಹಾರಿದ ತಕ್ಷಣ ಇನ್ನೊಂದು ತಾನೇ ಒಳಗೆ ಕೂರುವುದೇ ಈ ಬಂದೂಕಿನ ಗುಣ, ಅದೇ ಅದರ ಅಪಾಯ. ಮೊದಲು ಮ್ಯಾಗಜಿನ್ ತೆಗೆಯಿರಿ, ಆಮೇಲೆ ಬೋಲ್ಟ್ ಎಳೆಯಿರಿ, ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿ ಮುಟ್ಟಿ ನೋಡಿ.

ಈ ಮೇಜಿನ ಮೇಲೆ ಮೂರು ರೈಫಲ್ ಇವೆ. ಮೂರರ ಬೋಲ್ಟೂ ತೆರೆದೇ ಇದೆ, ಆದರೂ ನೀವೇ ಇನ್ನೊಮ್ಮೆ ನೋಡಿ. ಆ ಗೋಡೆಯ ಕಡೆಗೆ ತಿರುಗಿ, ಬೆರಳು ಟ್ರಿಗರಿನಿಂದ ದೂರ ಇಟ್ಟು, ಕಣ್ಣು ಮುಚ್ಚಿ ಭುಜಕ್ಕೆ ಏರಿಸಿ. ಕಣ್ಣು ಬಿಟ್ಟಾಗ ಸ್ಕೋಪಿನ ಒಳಗೆ ನೇರ ಕಾಣಬೇಕು. ಕತ್ತು ಚಾಚಬೇಕಾಯಿತೇ? ಹಾಗಾದರೆ ಸ್ಟಾಕಿನ, ಅಂದರೆ ಭುಜಕ್ಕೆ ಒತ್ತುವ ಹಿಂಭಾಗದ, ಉದ್ದ ನಿಮಗೆ ಹೊಂದುವುದಿಲ್ಲ. ಬನ್ನಿ, ಒಬ್ಬೊಬ್ಬರಾಗಿ.